ಚಿತ್ರ ಅಲುಗದಿದ್ದಾಗ ಬಾಯಿ ಬಿಡದ ಸ್ವಿಂಗ್: ಕಲಿಯುವವರ ಕಣ್ಣಿನಿಂದ ಒಂದು ವಿಮರ್ಶೆ

ವಿಂಡೋ, ಗುಂಡಿ, ಚಿತ್ರಗಳನ್ನು ಪರದೆಗೆ ತರಲು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ಸಾಧನವೇ ಸ್ವಿಂಗ್. 1998ರ ಡಿಸೆಂಬರಿನಲ್ಲಿ ಜಾವಾ 1.2ರೊಂದಿಗೆ ಬಂದ ಇದು ಇಂದಿಗೂ ಜೆಡಿಕೆಯ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಸಲಕರಣೆಗಳ ಕಟ್ಟು) ಜೊತೆಯಲ್ಲೇ ಉಚಿತವಾಗಿ ಸಿಗುತ್ತದೆ. ಬೇರೇನನ್ನೂ ಡೌನ್‌ಲೋಡ್ ಮಾಡಿಕೊಳ್ಳದೆ ಒಂದು ವಿಂಡೋ ತೆರೆದು ಅದರಲ್ಲಿ ಚೆಂಡೊಂದನ್ನು ಓಡಿಸಬಹುದಾದ್ದರಿಂದ, ಅನಿಮೇಶನ್ ಕಲಿಯಲು ಹೊರಟವರು ಮೊದಲು ಎತ್ತಿಕೊಳ್ಳುವುದು ಸಾಮಾನ್ಯವಾಗಿ ಇದನ್ನೇ. ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯಕ್ರಮದಲ್ಲೂ ಇದಕ್ಕೆ ಜಾಗ ಸಿಕ್ಕಿತ್ತು. ಪರದೆಯ ಮೇಲಿನ ಚಿತ್ರ ಸರಿಯಾಗಿ ಮರುಮೂಡದಿದ್ದಾಗ ಕಾರಣ ಹುಡುಕಲು ಈ ಸಾಧನ ಎಷ್ಟು ನೆರವಾಗುತ್ತದೆ ಎಂಬ ಒಂದೇ ಕೋನದಿಂದ ಇಲ್ಲಿ ಅದನ್ನು ಅಳೆದಿದ್ದೇನೆ.

ಹೊಸಬರನ್ನು ಹೆಚ್ಚು ಕಾಡುವ ತೊಂದರೆ ಹೀಗಿರುತ್ತದೆ: ಗುಂಡಿ ಒತ್ತಿದಾಗ ಒಂದು ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಓಡಿ, ಪ್ರತಿ ಸುತ್ತಿನಲ್ಲೂ ಚೆಂಡಿನ ಸ್ಥಾನ ಬದಲಿಸಿ, ರಿಪೇಂಟ್ ಕರೆದು, ಥ್ರೆಡ್ ಸ್ಲೀಪ್ ಮೂಲಕ ಸ್ವಲ್ಪ ಕಾಯುವಂತೆ ಬರೆದಿರುತ್ತಾರೆ, ಆದರೆ ಚೆಂಡು ಓಡುವುದಿಲ್ಲ, ವಿಂಡೋ ಕೆಲಹೊತ್ತು ಮರಗಟ್ಟಿ ನಿಂತು, ಆಮೇಲೆ ಚೆಂಡು ಒಮ್ಮೆಲೇ ಕೊನೆಯ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ರಿಪೇಂಟ್ ತಾನೇ ಏನನ್ನೂ ಬಿಡಿಸುವುದಿಲ್ಲ, ಬಿಡಿಸಬೇಕೆಂಬ ಕೋರಿಕೆಯನ್ನಷ್ಟೇ ಸಾಲಿನಲ್ಲಿ ಇಡುತ್ತದೆ. ಆ ಕೋರಿಕೆಯನ್ನು ಪೂರೈಸಬೇಕಾದ ಇವೆಂಟ್ ಡಿಸ್ಪ್ಯಾಚ್ ಥ್ರೆಡ್ಡೇ (ಗುಂಡಿ ಒತ್ತುವಿಕೆ, ಬಿಡಿಸುವಿಕೆಗಳನ್ನು ಒಂದೊಂದಾಗಿ ನಡೆಸುವ ಕೆಲಸದ ಎಳೆ) ಗುಂಡಿಯ ಕೆಲಸವನ್ನೂ ಮಾಡುತ್ತಿದ್ದು, ಅದನ್ನು ನಾವೇ ಮಲಗಿಸಿರುತ್ತೇವೆ. ಲೂಪ್ ಮುಗಿಯುವ ಹೊತ್ತಿಗೆ ಬಾಕಿಯಿರುವ ಕೋರಿಕೆಗಳೆಲ್ಲ ಒಂದಾಗಿ ಸೇರಿ, ಒಂದೇ ಒಂದು ಸಲ ಚಿತ್ರ ಮೂಡುತ್ತದೆ. ಪರಿಹಾರವೂ ಸ್ವಿಂಗ್‌ನಲ್ಲೇ ಇದೆ: ಅದರದೇ ಟೈಮರ್ ಅನ್ನು ಸುಮಾರು 16 ಮಿಲಿಸೆಕೆಂಡಿಗೆ ಹೊಂದಿಸಿ, ಪ್ರತಿ ಬಡಿತಕ್ಕೆ ಸ್ಥಾನ ಬದಲಿಸಿ ರಿಪೇಂಟ್ ಕರೆದು ತಕ್ಷಣ ಹಿಂದಿರುಗಿದರೆ ಸಾಕು. ಜಾವಾದ ಯುಟಿಲ್ ಪ್ಯಾಕೇಜಿನಲ್ಲಿ ಇದೇ ಹೆಸರಿನ ಇನ್ನೊಂದು ಟೈಮರ್ ಇದ್ದು, ಎರಡೂ ಪ್ಯಾಕೇಜುಗಳನ್ನು ನಕ್ಷತ್ರ ಚಿಹ್ನೆ ಹಾಕಿ ಇಡಿಯಾಗಿ ಆಮದು ಮಾಡಿಕೊಂಡವರಿಗೆ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಪರಿಶೀಲಿಸಿ ಅನುವಾದಿಸುವ ತಂತ್ರಾಂಶ) ದೋಷ ತೋರಿಸುತ್ತದೆ. ಇಡೀ ಪ್ರಕರಣದಲ್ಲಿ ಬಾಯಿ ಬಿಟ್ಟು ಹೇಳುವ ದೋಷ ಇದೊಂದೇ ಎನ್ನಬೇಕು.

ಉಳಿದವೆಲ್ಲ ಮೌನವಾಗಿಯೇ ಕೈಕೊಡುತ್ತವೆ, ಸ್ವಿಂಗ್ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಅದೇ. ಪೇಂಟ್‌ಕಾಂಪೊನೆಂಟ್ ಮೆಥಡ್‌ನ (ಚಿತ್ರ ಬಿಡಿಸುವ ಸಾಲುಗಳನ್ನು ನಾವು ಬರೆಯುವ ಜಾಗ) ಮೊದಲ ಸಾಲಿನಲ್ಲಿ ಸೂಪರ್ ಕರೆಯನ್ನು (ಸ್ವಿಂಗ್‌ನ ಮೂಲ ಮೆಥಡ್ ಅನ್ನು ಕರೆಯುವ ಸಾಲು) ಬಿಟ್ಟರೆ ಹಿನ್ನೆಲೆ ಅಳಿಸದೆ, ಚೆಂಡು ಹೋದಲ್ಲೆಲ್ಲ ಬಾಲ ಉಳಿಯುತ್ತದೆ. ಅದೇ ಹೆಸರಿನಲ್ಲಿ ದೊಡ್ಡ ಸಿ ಬದಲು ಚಿಕ್ಕ ಸಿ ಬರೆದರೆ ಅದು ಯಾರೂ ಕರೆಯದ ಹೊಸ ಮೆಥಡ್ ಆಗಿಬಿಡುತ್ತದೆ. ಮೇಲೆ ಓವರ್‌ರೈಡ್ ಟಿಪ್ಪಣಿ (ಮೂಲ ಮೆಥಡ್ ಅನ್ನೇ ಬದಲಿಸುತ್ತಿದ್ದೇವೆ ಎಂಬ ಗುರುತು) ಹಾಕಿದ್ದರೆ ಮಾತ್ರ ಕಂಪೈಲರ್ ತಡೆಯುತ್ತದೆ. ಗೆಟ್‌ಗ್ರಾಫಿಕ್ಸ್ ಮೂಲಕ ನೇರವಾಗಿ ಬಿಡಿಸಿದ ಚಿತ್ರ ಮುಂದಿನ ಮರುಚಿತ್ರಣದಲ್ಲಿ ಮಾಯವಾಗುತ್ತದೆ. ಸ್ಥಾನ ಬದಲಿಸುವ ಸಾಲನ್ನು ಪೇಂಟ್‌ಕಾಂಪೊನೆಂಟ್ ಒಳಗೇ ಇಟ್ಟವರ ಚೆಂಡು, ವಿಂಡೋದ ಅಂಚನ್ನು ಹಿಡಿದೆಳೆದಾಗಲೂ ಮುಂದೆ ಸರಿಯುತ್ತದೆ, ಏಕೆಂದರೆ ಯಾವಾಗ ಬಿಡಿಸಬೇಕೆಂಬುದು ಸ್ವಿಂಗ್‌ನ ತೀರ್ಮಾನವೇ ಹೊರತು ನಮ್ಮದಲ್ಲ.

ಇಂಥ ಸಂದರ್ಭಗಳಲ್ಲಿ ಹಳೆಯ ಪ್ರಿಂಟ್ ಸಾಲಿನಷ್ಟು ಉಪಯುಕ್ತವಾದ ಉಪಕರಣ ಇನ್ನೊಂದಿಲ್ಲ. ಪೇಂಟ್‌ಕಾಂಪೊನೆಂಟ್ ಒಳಗೆ ಚೆಂಡಿನ ಸ್ಥಾನವನ್ನು ಮುದ್ರಿಸಿ ನೋಡಬೇಕು. ಏನೂ ಮುದ್ರಣವಾಗದಿದ್ದರೆ ಪ್ಯಾನೆಲ್ (ಚಿತ್ರ ಮೂಡುವ ಹಾಳೆ) ಫ್ರೇಮಿಗೆ (ವಿಂಡೋಗೆ) ಸೇರಿಲ್ಲ, ಇಲ್ಲವೇ ಅದರ ಅಗಲ-ಎತ್ತರ ಸೊನ್ನೆಯಾಗಿದೆ, ಇಲ್ಲವೇ ಮೆಥಡ್‌ನ ಹೆಸರು ತಪ್ಪಿದೆ. ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿದ್ದರೆ, ಬಹುಮಟ್ಟಿಗೆ ಎರಡು ಪ್ಯಾನೆಲ್‌ಗಳು ಹುಟ್ಟಿಕೊಂಡಿವೆ: ತೋರುತ್ತಿರುವುದು ಒಂದು, ಬದಲಾಗುತ್ತಿರುವುದು ಇನ್ನೊಂದು. ಪರದೆಯನ್ನು ನೋಡುತ್ತ ಕುಳಿತರೆ ಈ ದೋಷ ಎಂದೂ ಹೊಳೆಯುವುದಿಲ್ಲ.

ಮಿನುಗುವಿಕೆಯ ವಿಷಯದಲ್ಲಿ ಮಾತ್ರ ಸ್ವಿಂಗ್‌ಗೆ ಪೂರ್ಣ ಅಂಕ. ಸ್ವಿಂಗ್‌ಗೂ ಮೊದಲಿನ ಜಾವಾ ಚಿತ್ರ ಸಾಧನವಾದ ಎಡಬ್ಲ್ಯುಟಿಯಲ್ಲಿ ಅಪ್‌ಡೇಟ್ ಮೆಥಡ್ ಮೊದಲು ಹಿನ್ನೆಲೆ ಅಳಿಸಿ ಆಮೇಲೆ ಬಿಡಿಸುತ್ತಿದ್ದುದರಿಂದ ಚಿತ್ರ ಮಿಣುಕುತ್ತಿತ್ತು. ಸ್ವಿಂಗ್‌ನ ಪ್ಯಾನೆಲ್ ಆದ ಜೆಪ್ಯಾನೆಲ್ ತಾನಾಗಿಯೇ ಡಬಲ್ ಬಫರಿಂಗ್ ಮಾಡಿಕೊಳ್ಳುತ್ತದೆ, ಅಂದರೆ ಚಿತ್ರವನ್ನು ಮರೆಯಲ್ಲಿ ಪೂರ್ತಿ ಬಿಡಿಸಿ ಆಮೇಲೆ ಒಮ್ಮೆಲೇ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಚಲನೆ ತಡವರಿಸಿದರೆ, ಬಿಡಿಸಿದ ನಂತರ ಟೂಲ್‌ಕಿಟ್‌ನ ಸಿಂಕ್ (ಬಾಕಿ ಚಿತ್ರವನ್ನು ತಕ್ಷಣ ಪರದೆಗೆ ತಲುಪಿಸುವ ಮೆಥಡ್) ಕರೆಯುವುದು ಬಹಳ ಸಲ ಫಲ ಕೊಡುತ್ತದೆ.

ಸ್ವಿಂಗ್‌ಗೆ ಪರ್ಯಾಯವಾಗಿ ಜಾವಾದಲ್ಲಿರುವ ಇನ್ನೊಂದು ಚಿತ್ರ ಸಾಧನವಾದ ಜಾವಾಎಫ್‌ಎಕ್ಸ್‌ನ ಅನಿಮೇಶನ್ ಟೈಮರ್ ಹೆಚ್ಚು ಅಚ್ಚುಕಟ್ಟಾಗಿದೆ, ಆದರೆ 2018ರ ಜಾವಾ 11ರಿಂದ ಅದು ಜೆಡಿಕೆಯಿಂದ ಹೊರಬಿದ್ದಿರುವುದರಿಂದ ಪ್ರತ್ಯೇಕವಾಗಿ ಜೋಡಿಸಿಕೊಳ್ಳಬೇಕು. ಅಲ್ಲದೆ ಅದರ ಕ್ಯಾನ್ವಾಸ್ ಕೂಡ ನಾವೇ ಅಳಿಸದಿದ್ದರೆ ಬಾಲ ಬಿಡುತ್ತದೆ. ಮೊದಲ ಚೆಂಡು ಓಡಿಸಬೇಕೆಂದಿರುವವರಿಗೆ ನಾನು ಸ್ವಿಂಗ್ ಅನ್ನೇ ಸೂಚಿಸುತ್ತೇನೆ. ದೊಡ್ಡ ಆಟ ಕಟ್ಟುವ ಇರಾದೆಯಿದ್ದವರು ಜಾವಾಎಫ್‌ಎಕ್ಸ್ ಜೋಡಿಸಿಕೊಳ್ಳುವ ಶ್ರಮವನ್ನು ಆರಂಭದಲ್ಲೇ ಪಡುವುದು ಲೇಸು.