ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: ಹೈಸ್ಕೂಲ್ ಮಕ್ಕಳ ಕೈಗೆ ಕೊಡಬಹುದೇ?

ಕೊಡಬಹುದು. 13 ದಾಟಿದವರಿಗೆ ಮಾತ್ರ, ಅದೂ ಉಚಿತ ಆವೃತ್ತಿ. ಕೇಂಬ್ರಿಡ್ಜ್‌ನ ಜಾಗೆಕ್ಸ್ ಕಂಪನಿ 2013ರಲ್ಲಿ ಬಿಟ್ಟ, ಸಾವಿರಾರು ಜನ ಒಟ್ಟಿಗೆ ಆಡುವ ಈ ಆನ್‌ಲೈನ್ ಆಟಕ್ಕೆ 2007ರ ಹಳೆಯ ಆವೃತ್ತಿಯೇ ಬುನಾದಿ. ಗ್ರಾಫಿಕ್ಸ್ ನೋಡಿದ ಮಕ್ಕಳು ಮೊದಲು ಮೂಗು ಮುರಿಯುತ್ತಾರೆ, ಆದರೆ ಹಳೇ ಲ್ಯಾಪ್‌ಟಾಪ್‌ನಲ್ಲೂ ಸರಾಗವಾಗಿ ಓಡುತ್ತದೆ. ಆಟದೊಳಗೆ ಏನೇ ನಡೆದರೂ 0.6 ಸೆಕೆಂಡಿಗೊಂದು ಹೆಜ್ಜೆಯಂತೆ ನಡೆಯುವುದರಿಂದ, ಸರ್ವರ್ ಜರ್ಮನಿಯಲ್ಲಿದ್ದರೂ ನಮ್ಮ ಸಾಧಾರಣ ಇಂಟರ್‌ನೆಟ್ ಸಾಕಾಗುತ್ತದೆ.

ನಾಯಕತ್ವ, ಸೃಜನಶೀಲತೆ ಎಂಬ ದೊಡ್ಡ ಮಾತುಗಳನ್ನು ಪಕ್ಕಕ್ಕಿಡಿ. ಈ ಆಟ ಚೆನ್ನಾಗಿ ಕಲಿಸುವುದು ಎರಡು: ಲಾಭ-ನಷ್ಟದ ಲೆಕ್ಕ, ಮತ್ತು ಅಪರಿಚಿತರ ಸಿಹಿಮಾತಿಗೆ ಮರುಳಾಗದಿರುವುದು.

ಲೆಕ್ಕ ಕಲಿಯಲು ಕುಲುಮೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಚೀಲದಲ್ಲಿ 28 ಖಾನೆ. ಕಬ್ಬಿಣದ ಅದಿರು ಕರಗಿಸಿದರೆ ಲೋಹದ ಗಟ್ಟಿ ಸಿಗುವ ಸಾಧ್ಯತೆ ಶೇ. 50, ಅಂದರೆ 28 ಅದಿರಿಗೆ ಸರಾಸರಿ 14 ಗಟ್ಟಿ. ಹಾಗಾದರೆ ಒಂದು ಗಟ್ಟಿಯ ಅಸಲು ಎರಡು ಅದಿರಿನ ಬೆಲೆ. ಮಕ್ಕಳು ಎಡವುವುದು ಇಲ್ಲೇ. ಒಂದೇ ಅದಿರಿನ ಬೆಲೆ ಹಿಡಿದು ಲಾಭ ಅಂದುಕೊಳ್ಳುತ್ತಾರೆ. ಉಕ್ಕಿಗೆ ಒಂದು ಕಬ್ಬಿಣದ ಅದಿರು, ಎರಡು ಕಲ್ಲಿದ್ದಲು. ಸುಟ್ಟು ಹಾಳಾಗುವ ಭಯವಿಲ್ಲ. ಆದರೆ 28ನ್ನು ಮೂರರಿಂದ ಭಾಗಿಸಿದರೆ ಒಂಬತ್ತೇ ಗಟ್ಟಿ, ಒಂದು ಖಾನೆ ವ್ಯರ್ಥ. ಯಾವುದು ಮೇಲು ಎಂಬುದು ಆ ದಿನದ ಬೆಲೆಗೂ ಸರಕು ಇಡುವ ಆಟದ ಬ್ಯಾಂಕಿಗೆ ಓಡಾಡುವ ಸಮಯಕ್ಕೂ ಬಿಟ್ಟದ್ದು. ಪೆನ್ನು-ಕಾಗದ ಕೊಟ್ಟು ಕೂರಿಸಿ. (ರಸಾಯನಶಾಸ್ತ್ರವನ್ನು ಮಾತ್ರ ಇಲ್ಲಿಂದ ಕಲಿಯಬೇಡಿ. ಆಟದಲ್ಲಿ ತಾಮ್ರ, ತವರ ಸಮಸಮ ಹಾಕಿದರೆ ಕಂಚು. ನಿಜವಾದ ಕಂಚಿನಲ್ಲಿ ತಾಮ್ರದ ಪಾಲೇ ಬಹುಪಾಲು.)

ಸರಕು ಮಾರುವುದು ಆಟದೊಳಗಿನ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ. ಬೆಲೆ, ಪ್ರಮಾಣ ನಮೂದಿಸಿ ಬಿಟ್ಟರೆ ಎದುರು ಗಿರಾಕಿ ಸಿಕ್ಕಾಗ ವ್ಯಾಪಾರ ಕುದುರುತ್ತದೆ. ಉಚಿತ ಖಾತೆಗೆ ಏಕಕಾಲಕ್ಕೆ ಮೂರೇ ಆರ್ಡರ್. ಪ್ರತಿ ವಸ್ತುವಿಗೂ ನಾಲ್ಕು ಗಂಟೆಗೆ ಇಷ್ಟೇ ಕೊಳ್ಳಬಹುದೆಂಬ ಮಿತಿಯಿದೆ. ಮಾರುವವರಿಗೆ ಶೇ. 2 ತೆರಿಗೆ: 100ಕ್ಕೆ ಕೊಂಡು 102ಕ್ಕೆ ಮಾರಿದರೆ ತೆರಿಗೆ 2 ಕಳೆದು ಕೈಗೆ ಬರುವುದು ಅದೇ 100. ಜಿಎಸ್‌ಟಿ ಪಾಠಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ. ಹೊಸ ಉಚಿತ ಖಾತೆಗೆ 20 ಗಂಟೆಯ ಆಟ, 10 ಕ್ವೆಸ್ಟ್ ಪಾಯಿಂಟ್ (ಕ್ವೆಸ್ಟ್ ಎಂದರೆ ಕಥೆಯಿರುವ ಕೆಲಸ, ಮುಗಿಸಿದರೆ ಪಾಯಿಂಟ್), ಎಲ್ಲ ಕೌಶಲಗಳ ಒಟ್ಟು ಲೆವೆಲ್ 100 ಆಗುವವರೆಗೆ ವ್ಯಾಪಾರಕ್ಕೆ ನಿರ್ಬಂಧಗಳಿವೆ. ಆಟ ಕೆಟ್ಟಿದೆ ಎಂದು ಮಕ್ಕಳು ಗೋಳಾಡಿದರೆ ಮೊದಲು ಇದನ್ನು ನೋಡಿ.

ಯಾವುದೇ ಒಂದು ಕೌಶಲದಲ್ಲಿ ಲೆವೆಲ್ 99ಕ್ಕೆ 1,30,34,431 ಅನುಭವಾಂಕ ಬೇಕು. ಅದರ ಅರ್ಧ ತುಂಬುವುದು 50ರ ಹತ್ತಿರವಲ್ಲ, 92ರಲ್ಲಿ! ಸುಮಾರು ಏಳು ಲೆವೆಲ್‌ಗೊಮ್ಮೆ ಬೇಕಾದದ್ದು ಇಮ್ಮಡಿಯಾಗುತ್ತದೆ. ಪಿಯುಸಿಯ ಗುಣೋತ್ತರ ಶ್ರೇಢಿ ಬರುವ ಮುಂಚೆಯೇ ಅದರ ಬಿಸಿ ತಟ್ಟುತ್ತದೆ.

ಇಂಗ್ಲಿಷ್ ಓದಿನ ಲಾಭವೂ ಇದೆ, ಒಂದು ಷರತ್ತಿನ ಮೇಲೆ. ಮೊದಲ ಕ್ವೆಸ್ಟ್‌ನಲ್ಲಿ ಅಡುಗೆಭಟ್ಟನಿಗೆ ಮೊಟ್ಟೆ, ಹಾಲು, ಹಿಟ್ಟು ತಂದುಕೊಡಬೇಕು. ಹಿಟ್ಟಿಗೆ ಗೋಧಿ ಕಿತ್ತು, ಗಿರಣಿಯ ಮೇಲಂತಸ್ತಿನಲ್ಲಿ ಸುರಿದು, ಅಲ್ಲೇ ಸನ್ನೆಕೋಲು ಎಳೆದು, ಕೆಳಗಿಳಿದು ಖಾಲಿ ಮಡಕೆಗೆ ತುಂಬಿಕೊಳ್ಳಬೇಕು. ಸಂಭಾಷಣೆ ಓದದೆ ಒತ್ತುತ್ತಾ ಹೋದವರು ಮಡಕೆಯಿಲ್ಲದೆ ಗಿರಣಿಗೆ ಹೋಗಿ ವಾಪಸ್ ಬರುತ್ತಾರೆ. ಎರಡನೇ ಸಲ ಓದುತ್ತಾರೆ. ಆಟ ಆಡಲು ಬೇರೆಯವರು ಮಾಡಿದ ರೂನ್‌ಲೈಟ್ ಎಂಬ ತಂತ್ರಾಂಶದಲ್ಲಿ ಕ್ವೆಸ್ಟ್ ಹೆಲ್ಪರ್ ಎಂಬ ಸೇರ್ಪಡೆ ಹಾಕಿಕೊಂಡರೆ ಬಾಣದ ಗುರುತೇ ದಾರಿ ತೋರಿಸುತ್ತದೆ, ಓದು ಅಲ್ಲಿಗೆ ಮುಗಿಯಿತು. ಅದನ್ನು ಹಾಕಿಕೊಡಬೇಡಿ.

ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಆಟದ ಬಾರ್ಬೇರಿಯನ್ ವಿಲೇಜ್ ಎಂಬ ಊರಿನ ಕೆಳಗಿರುವ ಸ್ಟ್ರಾಂಗ್‌ಹೋಲ್ಡ್ ಆಫ್ ಸೆಕ್ಯುರಿಟಿ ಎಂಬ ನೆಲಮಾಳಿಗೆ. ಅಲ್ಲಿನ ಬಾಗಿಲುಗಳು ಪ್ರಶ್ನೆ ಕೇಳುತ್ತವೆ: ಯಾರಾದರೂ ಪಾಸ್‌ವರ್ಡ್ ಕೇಳಿದರೆ ಏನು ಮಾಡುತ್ತೀಯ, ಇತ್ಯಾದಿ. ಸರಿಯುತ್ತರ ಕೊಟ್ಟರೆ ಮಾತ್ರ ಮುಂದಕ್ಕೆ ದಾರಿ. ಮೊದಲ ಮೂರು ಅಂತಸ್ತಿನಲ್ಲಿ 2,000, 3,000, 5,000 ನಾಣ್ಯ, ನಾಲ್ಕರಲ್ಲಿ ಬೂಟು. ಬೇಯಿಸಿದ ಮೀನು ಒಯ್ಯಿರಿ, ಬೆಲೆಬಾಳುವುದನ್ನು ಬ್ಯಾಂಕಿನಲ್ಲಿಡಿ. ಒಳಗೆ ರಾಕ್ಷಸರ ಕಾಟ ಜೋರು.

ಈ ಪಾಠದ ಪರೀಕ್ಷೆ ನಡೆಯುವುದು ವರ್ಲ್ಡ್ 301 ಎಂಬ ಸರ್ವರ್‌ನಲ್ಲಿ, ಉಚಿತ ಆಟಗಾರರ ಸಂತೆಯಲ್ಲಿ. "ನಾಣ್ಯ ಕೊಡು, ಎರಡರಷ್ಟು ವಾಪಸ್ ಕೊಡ್ತೀನಿ" ಎನ್ನುವವರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಮೊದಲು ಸಣ್ಣ ಮೊತ್ತಕ್ಕೆ ನಿಜವಾಗಿಯೂ ಎರಡರಷ್ಟು ಕೊಡುತ್ತಾರೆ, ದೊಡ್ಡ ಗಂಟು ಕೊಟ್ಟ ಮೇಲೆ ಮಾಯ. ಇಬ್ಬರ ನಡುವಿನ ವಿನಿಮಯಕ್ಕೆ ಎರಡು ದೃಢೀಕರಣ ಪರದೆ ಬರುತ್ತವೆ. ಎರಡನೆಯದರಲ್ಲಿ ತನಗೆ ಬರುವುದನ್ನು ಓದಿಯೇ ಒಪ್ಪಬೇಕು. "ಬಾ, ಒಂದು ಜಾಗ ತೋರಿಸ್ತೀನಿ" ಎಂದು ವೈಲ್ಡರ್‌ನೆಸ್ ಕಡೆ ಕರೆದರೆ ಹೋಗಬಾರದು, ಅಲ್ಲಿ ಆಟಗಾರರೇ ಆಟಗಾರರನ್ನು ಕೊಂದು ದೋಚಬಹುದು. ಕಳೆದುಕೊಳ್ಳುವುದು ಆಟದ ನಾಣ್ಯವಾದ್ದರಿಂದ, ನಮ್ಮ ಮಟ್ಟಿಗೆ, ಒಮ್ಮೆ ಮೋಸಹೋದರೂ ಪರವಾಗಿಲ್ಲ.

ಮೊದಲ ದಿನವೇ ಮಾಡಬೇಕಾದದ್ದು: ಖಾತೆಯ ಇಮೇಲ್ ಪಾಲಕರದ್ದಿರಲಿ, ಲಾಗಿನ್‌ಗೆ ಇನ್ನೊಂದು ಕೋಡ್ ಕೇಳುವ ಅಥೆಂಟಿಕೇಟರ್ ಹಾಕಿ, ಬ್ಯಾಂಕಿಗೆ ನಾಲ್ಕಂಕಿಯ ಪಿನ್ ಇಡಿ. ಕೆಳಗಿನ ಚಾಟ್ ಪಟ್ಟಿಯಲ್ಲಿ ಪಬ್ಲಿಕ್ ಮತ್ತು ಪ್ರೈವೇಟ್ ಎರಡನ್ನೂ ಸ್ನೇಹಿತರಿಗಷ್ಟೇ ಸೀಮಿತಗೊಳಿಸಿ, ಬೈಗುಳ ಸೋಸುವ ಫಿಲ್ಟರ್ ಆಫ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ದೋಷ? ಸಮಯ ನುಂಗುತ್ತದೆ. ಒಂದೇ ಮರ ಕಡಿಯುತ್ತಾ, ಒಂದೇ ಮೀನು ಹಿಡಿಯುತ್ತಾ ಗಂಟೆಗಳು ಕಳೆಯುತ್ತವೆ, ಕಲಿಕೆ ಶೂನ್ಯ. ದುಡ್ಡು ಕೊಟ್ಟು ಅದೃಷ್ಟ ಪರೀಕ್ಷಿಸುವ ಲೂಟ್ ಬಾಕ್ಸ್ ಇಲ್ಲ ನಿಜ, ಆದರೆ ಬಾಂಡ್ ಇದೆ: ನಿಜವಾದ ದುಡ್ಡಿಗೆ ಕೊಂಡು ಆಟದ ನಾಣ್ಯಕ್ಕೆ ಮಾರಬಹುದು, ಇಲ್ಲವೇ ಸದಸ್ಯತ್ವಕ್ಕೆ ಬಳಸಬಹುದು. ಒಂದು ಬಾಂಡ್ ಕೊಡಿಸಿದರೆ ಉಕ್ಕಿನ ಗಟ್ಟಿಯ ಲೆಕ್ಕ ಮಾಡುವ ಅಗತ್ಯವೇ ಮಗುವಿಗೆ ಉಳಿಯುವುದಿಲ್ಲ. ಹಣ ಕಟ್ಟಿ ಆಡುವ ಆ ಸದಸ್ಯತ್ವ ಬೇಕೇಬೇಕು ಎಂದು ಹಟ ಹಿಡಿದರೆ, ಬೇರೆ ಆಟಗಾರರಿಂದ ಬಾಂಡ್ ಕೊಳ್ಳುವಷ್ಟು ನಾಣ್ಯವನ್ನು ಆಟದೊಳಗೇ ದುಡಿದು ತರಲು ಹೇಳಿ.