ಪ್ಯಾಕೆಟ್ ಮೇಲೆ ‘ಲೆವೆಲ್ 3’ ಅಂತ ಇದ್ದರೆ ನಂಬಬೇಡಿ, ಎಳೆದು ನೋಡಿ

ಗ್ಲಾಕ್ 17 ಪಿಸ್ತೂಲಿಗೆ ಡ್ಯೂಟಿ ಹೋಲ್‌ಸ್ಟರ್ (ಬೆಲ್ಟಿಗೆ ಹಾಕುವ ಗನ್ ಕವಚ) ಹುಡುಕುತ್ತಿರುವ ಪಿಎಸ್‌ಐಗಳು, ಗನ್‌ಮ್ಯಾನ್‌ಗಳು, ಸ್ಟೋರ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಪೊಲೀಸ್ ಸಾಮಾನು ಮಾರುವ ಅಂಗಡಿಯೊಂದು ಸ್ಯಾಂಪಲ್ ಅಂತ ಕೊಟ್ಟ ಮಾಲು ನೋಡಲಿಕ್ಕೆ ಥೇಟ್ ಅಸಲಿ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ‘ಲೆವೆಲ್ 3’, ಅಂದರೆ ಬೇರೆಯವರು ಎಳೆದರೂ ಗನ್ ಬಿಡದಂತೆ ಹಿಡಿಯುವ ದರ್ಜೆ. ದುಡ್ಡು ಮೊದಲೇ ಇಸಿದುಕೊಂಡಿದ್ದರು.

ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಇನ್ನೊಬ್ಬರ ಕೈಲೂ ನೋಡಿಸಿ, ಗುಂಡುಗಳನ್ನೆಲ್ಲ ಕೋಣೆಯಿಂದ ಆಚೆ ಇಟ್ಟ ಮೇಲೆ ಪರೀಕ್ಷೆ. ಒಬ್ಬರು ಬೆಲ್ಟಿಗೆ ಹಾಕಿಕೊಂಡು ನಿಂತರು. ಪಿಸ್ತೂಲು ಒಳಗೆ ಹೋಯಿತು, ‘ಟಕ್’ ಅಂತ ಲಾಕ್ ಬಿದ್ದ ಸದ್ದೂ ಬಂತು. ಇನ್ನೊಬ್ಬರು ಹಿಂದಿನಿಂದ ಹಿಡಿಗೆ ಕೈ ಹಾಕಿ ತಿರುಚಿ ಎಳೆದರು. ಯಾವ ಬಟನ್ನೂ ಒತ್ತಿಲ್ಲ, ಯಾವ ಲಿವರನ್ನೂ ಮುಟ್ಟಿಲ್ಲ. ಗನ್ನಿನ ಹಿಂಬದಿಯನ್ನು ಮುಚ್ಚಿ ಹಿಡಿಯುವ ಮೇಲಿನ ಹುಡ್ ಪಕ್ಕಕ್ಕೆ ಬಾಗಿತು, ಗನ್ ಎಳೆದವರ ಕೈಯಲ್ಲಿತ್ತು! ಬಂದೋಬಸ್ತ್‌ನಲ್ಲಿ, ಜನಜಂಗುಳಿಯಲ್ಲಿ ಇದೇ ಆಗಿದ್ದರೆ? ಯೋಚಿಸಿದರೆ ಈಗಲೂ ಮೈ ಉರಿಯುತ್ತೆ.

ಕಾರಣ ಇಷ್ಟು. ಒಳಗಿನ ಲಾಕು ಸ್ಲೈಡಿನ ಎಜೆಕ್ಷನ್ ಪೋರ್ಟಿನ (ಖಾಲಿ ತೋಟಾ ಹೊರಬೀಳುವ ಕಿಂಡಿ) ಅಂಚಿಗೆ ಸಿಕ್ಕಿಕೊಳ್ಳಬೇಕು. ಈ ನಕಲು ಏರ್‌ಸಾಫ್ಟ್ ಆಟಿಕೆ ಗನ್ನಿನ ಅಳತೆಗೆ ಅಚ್ಚು ಹಾಕಿದ್ದು. ಹೊರ ಆಕಾರ ಗ್ಲಾಕಿನದೇ, ಪೋರ್ಟಿನ ಜಾಗ ಮಾತ್ರ ಚೂರು ಹಿಂದೆ ಮುಂದೆ. ಹಾಗಾಗಿ ಲಾಕು ಸ್ಪ್ರಿಂಗಿನ ಬಲದಲ್ಲಿ ಸ್ಲೈಡಿಗೆ ಒತ್ತಿ ಕೂತಿತ್ತೇ ಹೊರತು ಕಚ್ಚಿರಲಿಲ್ಲ. ಸದ್ದು ಬಂತು ಅಂದರೆ ಲಾಕ್ ಆಯಿತು ಅಂತ ಅರ್ಥವಲ್ಲ, ಇದನ್ನು ಚೆನ್ನಾಗಿ ನೆನಪಿಡಿ.

ಅಂಗಡಿಯವರಿಗೆ ಫೋನ್ ಮಾಡಿದಾಗ ಬಂದ ಉತ್ತರ: “ಅಷ್ಟು ಜೋರಾಗಿ ಯಾರ್ ಸಾರ್ ಎಳೀತಾರೆ?” ಅಲ್ಲ, ಗನ್ ಕಿತ್ತುಕೊಳ್ಳಲು ಬಂದವನು ಮೆಲ್ಲಗೆ ಎಳೀತಾನಾ? ಆಮೇಲೆ “ನಾಲ್ಕು ದಿನ ಹಾಕ್ಕೊಳ್ಳಿ, ಸೆಟ್ ಆಗುತ್ತೆ”. ಆಮೇಲೆ “ಸ್ಕ್ರೂ ಟೈಟ್ ಮಾಡಿ ಸಾರ್”. ಸ್ಕ್ರೂ ಬಿಗಿ ಮಾಡಿದರೆ ಹೋಲ್‌ಸ್ಟರಿನ ಚಿಪ್ಪು ಗನ್ನನ್ನು ಒತ್ತಿ ಹಿಡಿಯುತ್ತೆ, ಹೊರ ತೆಗೆಯೋದು ಕಷ್ಟವಾಗುತ್ತೆ, ಆದರೂ ಲಾಕು ಪೋರ್ಟಿಗೆ ಬಂದು ಕೂರೋದಿಲ್ಲ. ಟೆಸ್ಟ್ ರಿಪೋರ್ಟ್ ಕೇಳಿದ್ದಕ್ಕೆ ಕಳಿಸಿದ್ದು ಅದೇ ಪ್ಯಾಕೆಟ್ಟಿನ ಫೋಟೋ. ಕೊನೆಗೆ “ಗನ್ ಹಾಕಿ ನೋಡಿದ ಮಾಲು ವಾಪಸ್ ಇಲ್ಲ”. ಗನ್ ಹಾಕದೆ ಹೋಲ್‌ಸ್ಟರ್ ನೋಡೋದು ಹೇಗೆ?

ಈ ‘ಲೆವೆಲ್’ ಲೆಕ್ಕ ಶುರುವಾಗಿದ್ದು 1970ರ ದಶಕದಲ್ಲಿ, ಅಮೆರಿಕದ ಹೋಲ್‌ಸ್ಟರ್ ತಯಾರಕ ಬಿಲ್ ರಾಜರ್ಸ್ ಅವರಿಂದ. ಅವರ ಪರೀಕ್ಷೆಯಲ್ಲಿ ಎದುರಾಳಿ ಹಿಡಿಗೆ ಕೈ ಹಾಕಿ 5 ಸೆಕೆಂಡ್ ಪೂರ್ತಿ ಬಲ ಹಾಕಿ ಎಳೆದರೂ ಗನ್ ಒಳಗೇ ಇರಬೇಕು, ಹೋಲ್‌ಸ್ಟರ್ ಬೆಲ್ಟಿನಲ್ಲೇ ಇರಬೇಕು. ಅದು ಲೆವೆಲ್ 1. ಒಂದು ಲಾಕ್ ಬಿಡಿಸಿ ಮತ್ತೆ ಹಾಗೇ ಎಳೆದಾಗಲೂ ನಿಂತರೆ ಲೆವೆಲ್ 2, ಎರಡು ಬಿಡಿಸಿದ ಮೇಲೂ ನಿಂತರೆ 3. ಎಲ್ಲರೂ ಪಾಲಿಸಲೇಬೇಕಾದ ಕಾನೂನೇನೂ ಇಲ್ಲ. ಕೆಲವರು ಬಟನ್‌ಗಳನ್ನು ಎಣಿಸಿ ನಂಬರ್ ಅಚ್ಚು ಹಾಕಿಬಿಡುತ್ತಾರೆ.

ಬೆಲ್ಟ್ ಲೂಪೂ ಅಷ್ಟೇ. ಚಿಪ್ಪಿಗೆ ಲೂಪ್ ಕೂಡಿಸುವ 3 ಸ್ಕ್ರೂಗಳಿಗೆ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಹಾಕಿರಲಿಲ್ಲ, ಎಳೆದಾಟದಲ್ಲಿ ಒಂದು ಸಡಿಲವಾಗಿ ಬಿದ್ದೇಹೋಯಿತು. ಸ್ಕ್ರೂ ತೂತಿನ ಸುತ್ತ ಪ್ಲಾಸ್ಟಿಕ್ಕು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಬೆಳಕಿಗೆ ಹಿಡಿದರಷ್ಟೇ ಕಾಣುತ್ತಿತ್ತು. ಲಾಕ್ ಎಷ್ಟೇ ಗಟ್ಟಿ ಇರಲಿ, ಲೂಪ್ ಮುರಿದರೆ ಗನ್ನು ಹೋಲ್‌ಸ್ಟರ್ ಸಮೇತ ಹೋಗುತ್ತೆ.

ತೋರುಬೆರಳಿನಿಂದ ಬಟನ್ ಒತ್ತಿ ಬಿಡಿಸುವ ಮಾದರಿ ಬೇಡವೇ ಬೇಡ. ಗಾಬರಿಯಲ್ಲಿ ಬೆರಳು ಮಡಚಿ ಒತ್ತುತ್ತಾ ಗನ್ ಎಳೆದರೆ, ಅದೇ ಬೆರಳು ಸೀದಾ ಟ್ರಿಗರ್ ಮೇಲೆ ಬಂದು ಕೂರುತ್ತೆ. ಗ್ಲಾಕಿಗೆ ಹೆಬ್ಬೆರಳಿನ ಸೇಫ್ಟಿ ಬೇರೆ ಇಲ್ಲ. ತೊಡೆಗೇ ಗುಂಡು. ಹೆಬ್ಬೆರಳಲ್ಲಿ ಬಿಡಿಸುವಂಥದ್ದನ್ನೇ ಕೇಳಿ.

ಅಂಗಡಿಯವರ ಎದುರಿಗೇ ಖಾಲಿ ಪಿಸ್ತೂಲು ಹಾಕಿ, ಬೆಲ್ಟಿಗೆ ಕಟ್ಟಿ, ಎಲ್ಲ ದಿಕ್ಕಿಗೂ ಎಳೆಸಿ. ಬೇಡ ಅಂದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಪಿಸ್ತೂಲಿನ ಮಾಡೆಲ್ಲೂ ಲಾಕಿನ ವಿವರವೂ ಇರಲೇಬೇಕು. ನಮಗೆ ಕೊಟ್ಟ ಬಿಲ್ಲಿನಲ್ಲಿ ಬರೆದಿದ್ದು ‘ಪ್ಲಾಸ್ಟಿಕ್ ಪೌಚ್’ ಅಂತ. ಅದನ್ನೇ ತೋರಿಸಿ, “ಹೋಲ್‌ಸ್ಟರ್ ಅಂತ ನಾವೆಲ್ಲಿ ಮಾರಿದ್ದೀವಿ?” ಅನ್ನುತ್ತಿದ್ದಾರೆ.