ಎರಡು ಪುಟ್ಟ ದೇಶ, ಮೂರು ಅಳತೆಯ ಬೊಂಬೆ ಸೈನಿಕರು

ಮೊದಲೇ ಹೇಳಿಬಿಡ್ತೀನಿ. ಟೇಬಲ್ ಮೇಲೆ ಬೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡಬೇಕು, ಅದೂ ನಾವೇ ಹುಟ್ಟಿಸಿದ ದೇಶಗಳ ನಡುವೆ ಆಡಬೇಕು ಅಂದ್ರೆ ನನ್ನ ಓಟು 1/72 ಅಳತೆಯ, ಅಂದ್ರೆ ನಿಜವಾದ ಮನುಷ್ಯನ 72ರಲ್ಲಿ ಒಂದು ಪಾಲು ಎತ್ತರದ, ಮೆತ್ತನೆ ಪ್ಲಾಸ್ಟಿಕ್ ಬೊಂಬೆಗೆ. 28 ಮಿಲಿಮೀಟರ್ ಎತ್ತರದ ಲೋಹದ್ದನ್ನೂ ಕೊಂಡೆ, 54 ಮಿಲಿಮೀಟರಿನ ದೊಡ್ಡದನ್ನೂ ಕೊಂಡೆ. ಎರಡೂ ಈಗ ಕಪಾಟಿನಲ್ಲಿವೆ. ಪ್ರತಿ ಭಾನುವಾರ ಟೇಬಲ್‌ಗೆ ಬರೋದು ಕಿರುಬೆರಳಿನ ಅರ್ಧದಷ್ಟು ಎತ್ತರದ ಈ ಪ್ಲಾಸ್ಟಿಕ್ ಮಂದಿಯೇ.

ನಾವಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಚಿಕ್ಕ ಬಾಡಿಗೆ ಮನೆ. ಊಟದ ಟೇಬಲ್ಲೇ ರಣರಂಗ. ಉದ್ದ 4 ಅಡಿ, ಅಗಲ 3 ಅಡಿ. ನನ್ನ ದೇಶ ಸಂಪಿಗೆನಾಡು: ಬಿಳಿ ಕೋಟು, ಹಳದಿ ತೋಳಂಚು. ಒಂಬತ್ತು ವರ್ಷದ ಮಗಳದ್ದು ಗುಬ್ಬಿಪುರ. ಬಾವುಟದ ಮೇಲೆ ಗುಬ್ಬಿ, ಸಿಂಹಾಸನದ ಮೇಲೆ ರಾಣಿ ಚಿಲಿಪಿಲಿ. ಜಗಳ ಒಂದು ಸೇತುವೆಯ ಸುಂಕದ್ದು.

ನಿಜವಾದ ದೇಶಗಳನ್ನು ಬಿಟ್ಟು ಇದೇಕೆ ಅಂತ ಕೇಳಬಹುದು. ನಾನು ಮೈಸೂರು ಕಡೆಯವನು. ಒಂದು ಸಲ 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡೋಣ ಅಂತ ಕೂತೆ. ಕೋಟೆ ಬಿರುಕು ಬಿಡುವ ಹೊತ್ತಿಗೆ ಕೈ ಮುಂದೆ ಹೋಗಲಿಲ್ಲ. ಕೊನೆ ಗೊತ್ತಿದ್ದ ಕತೆ, ಅದೂ ನಮ್ಮೂರ ಪಕ್ಕದ್ದು. ಕಲ್ಪನೆಯ ದೇಶದಲ್ಲಿ ಈ ಸಂಕಟ ಇಲ್ಲ. ಯಾರು ಗೆಲ್ತಾರೆ ಅನ್ನೋದು ದಾಳ ಬೀಳುವ ತನಕ ಯಾರಿಗೂ ಗೊತ್ತಿಲ್ಲ. ಇಲ್ಲಿನ ಆಟಗಾರರು ತಮ್ಮ ದೇಶಗಳನ್ನು ಹೆಚ್ಚಾಗಿ 18ನೇ ಶತಮಾನದ ಜರ್ಮನ್ ಸೀಮೆಯಲ್ಲಿ ನೆಡ್ತಾರೆ. ಆಗ ಅಲ್ಲಿ ದೊಡ್ಡದು ಚಿಕ್ಕದು ಸೇರಿ 300ಕ್ಕೂ ಹೆಚ್ಚು ಸಂಸ್ಥಾನಗಳಿದ್ದವು. ಅವುಗಳ ನಡುವೆ ಇನ್ನೆರಡು ತೂರಿಸಿದರೆ ಯಾರ ಕಣ್ಣಿಗೂ ಚುಚ್ಚಲ್ಲ.

ನಮ್ಮ ಮನೆಯಿಂದ ಸ್ವಲ್ಪ ದೂರದ ಹಾವರ್ತ್‌ನಲ್ಲಿ ಇದೇ ಆಟ ಸುಮಾರು 200 ವರ್ಷದ ಹಿಂದೆ ನಡೆದಿತ್ತು. 1826ರಲ್ಲಿ ಪ್ಯಾಟ್ರಿಕ್ ಬ್ರಾಂಟೆ ಅನ್ನೋ ಪಾದ್ರಿ ಲೀಡ್ಸ್‌ಗೆ ಹೋಗಿ ಬರುವಾಗ ಮಗ ಬ್ರಾನ್‌ವೆಲ್‌ಗೆ ಹನ್ನೆರಡು ಮರದ ಸೈನಿಕರನ್ನು ತಂದ. ಮಕ್ಕಳು ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡರು. ಆ ಬೊಂಬೆಗಳಿಂದಲೇ ಮುಂದೆ ಆಂಗ್ರಿಯಾ, ಗೊಂಡಾಲ್ ಅನ್ನೋ ಕಲ್ಪನೆಯ ದೇಶಗಳು ಬೆಳೆದವು. ಪಾದ್ರಿಯ ಮಗಳು ಶಾರ್ಲೆಟ್ ತನ್ನ ಬೊಂಬೆಗೆ ಇಟ್ಟ ಹೆಸರು ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಆ ಡ್ಯೂಕ್. ಇದನ್ನು ಓದಿದ ದಿನ ಮಗಳನ್ನು ಕರೆದು ಕೂರಿಸಿಕೊಂಡು ಹೇಳಿದೆ.

ಈಗ ಬೊಂಬೆಗಳ ವಿಷಯ.

ಮೊದಲು ಕೊಂಡಿದ್ದು ಲೋಹದ 28. ನೋಡೋಕೆ ಇವನ್ನು ಮೀರಿಸೋದು ಬೇರೆ ಇಲ್ಲ. ಕೋಟಿನ ಗುಂಡಿ, ಮೂಗಿನ ತುದಿ, ಜಡೆಯ ರಿಬ್ಬನ್ ಎಲ್ಲ ಕಾಣುತ್ತೆ. ಕಷ್ಟ ಶುರುವಾಗೋದೂ ಅಲ್ಲೇ. ಕಾಣೋದಕ್ಕೆಲ್ಲ ಬಣ್ಣ ಹಚ್ಚಬೇಕು ಅಲ್ವಾ? ಒಂದು ಸಂಜೆಗೆ ಎರಡು ಬೊಂಬೆ ಮುಗಿದರೆ ಹೆಚ್ಚು. ಒಂದೊಂದಕ್ಕೆ ಸುಮಾರು 2 ಪೌಂಡ್ ಕೊಟ್ಟು 40 ತಂದೆ. ಎರಡು ಸೈನ್ಯಕ್ಕೆ 250 ಬೇಕು ಅಂತ ಲೆಕ್ಕ ಹಾಕಿದಾಗ 500 ಪೌಂಡ್ ಆಯಿತು. ಅಲ್ಲಿಗೇ ನಿಲ್ಲಿಸಿದೆ. ಒಬ್ಬ ಟೇಬಲ್‌ನಿಂದ ಬಿದ್ದು ಕೋವಿ ಬಗ್ಗಿತು. ನೆಟ್ಟಗೆ ಮಾಡಲು ಹೋದೆ, ಮುರಿದೇ ಹೋಯಿತು.

54 ಮಿಲಿಮೀಟರ್ ಅಂದ್ರೆ ಹಳೆ ಕಾಲದ ಬೊಂಬೆ ಸೈನಿಕರ ಅಳತೆ. ಮಗಳಿಗೆ ಇವು ತುಂಬ ಇಷ್ಟ. ಹೊಳೆಯುವ ಕೆಂಪು ಕೋಟು, ಗುಲಾಬಿ ಕೆನ್ನೆ. ಎಚ್. ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟಲ್ ವಾರ್ಸ್’ ಪುಸ್ತಕದ ನಿಯಮ ಹಿಡಿದು ಆಡಿದೆವು. ಅದರಲ್ಲಿ ಫಿರಂಗಿಗೆ ದಾಳ ಇಲ್ಲ. ಸ್ಪ್ರಿಂಗ್ ಫಿರಂಗಿಯಿಂದ ನಿಜವಾಗಿಯೇ ಹೊಡೆಯಬೇಕು, ಉರುಳಿದವನು ಸತ್ತ. ನಾವು ಬೆಂಕಿಕಡ್ಡಿ ಹಾರಿಸಿದೆವು. ಒಂದೇ ಕಡ್ಡಿಗೆ ಮೂವರು ಉರುಳಿದಾಗ ಮಗಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿರಬೇಕು. ಆದರೆ ಆ ಆಟ ನೆಲದ ಮೇಲೆ ಆಡುವಂಥದ್ದು. ಪದಾತಿ ಒಂದು ಸಲಕ್ಕೆ 1 ಅಡಿ ನಡೀತಾನೆ, ಕುದುರೆಯವನು 2 ಅಡಿ. 4 ಅಡಿ ಟೇಬಲ್‌ನಲ್ಲಿ ಕುದುರೆ ಎರಡೇ ನೆಗೆತಕ್ಕೆ ಆ ತುದಿ ಮುಟ್ಟುತ್ತೆ. ಬಳಸಿಕೊಂಡು ಹೋಗಿ ಪಕ್ಕದಿಂದ ಎರಗೋಕೆ ಜಾಗವೇ ಇಲ್ಲ. ನೆಲದ ಮೇಲೆ ಆಡೋಣ ಅಂದ್ರೆ ನಮ್ಮ ಮನೆಯ ದಪ್ಪ ಕಾರ್ಪೆಟ್ ಮೇಲೆ ಬೊಂಬೆ ನಿಲ್ಲಲ್ಲ, ನನ್ನ ಮಂಡಿಯೂ ಒಪ್ಪಲ್ಲ.

ಕೊನೆಗೆ ಬಂದಿದ್ದು 1/72. 1959ರಲ್ಲಿ ಏರ್‌ಫಿಕ್ಸ್ ಕಂಪನಿ ಇಂಥ ಪುಟಾಣಿ ಪ್ಲಾಸ್ಟಿಕ್ ಸೈನಿಕರನ್ನು ಮಾರಲು ಶುರು ಮಾಡಿತು. ಆಮೇಲೆ ಸಾವಿರಾರು ಹುಡುಗರ ಸೈನ್ಯ ಅವುಗಳಿಂದಲೇ ಕಟ್ಟಿದ್ದು. ನಾನು ಕೊಂಡ ಪದಾತಿ ಡಬ್ಬಿಗಳಲ್ಲಿ 40ರಿಂದ 50 ಬೊಂಬೆ, ಬೆಲೆ 10 ಪೌಂಡ್ ಆಸುಪಾಸು. ಏಳು ಡಬ್ಬಿಗೆ ಎರಡೂ ದೇಶದ ಸೈನ್ಯ ತಯಾರು. 24 ಜನರನ್ನು ಎರಡು ಸಾಲಲ್ಲಿ ನಿಲ್ಲಿಸಿದರೆ ಅಗಲ 24 ಸೆಂಟಿಮೀಟರ್. ಟೇಬಲ್‌ನಲ್ಲಿ ಸೇತುವೆ, ಹಳ್ಳಿ, ಕಾಡು ಎಲ್ಲ ಇಟ್ಟ ಮೇಲೂ ಕುದುರೆ ಓಡಾಡೋಕೆ ಜಾಗ ಉಳಿಯುತ್ತೆ. ದೂರದಿಂದ ನೋಡಿದರೆ ನಿಜವಾದ ರೆಜಿಮೆಂಟ್ ಬಂದ ಹಾಗೆ ಕಾಣುತ್ತೆ.

ತೊಂದರೆ ಒಂದೇ. ಅದು ಸಣ್ಣದಲ್ಲ. ಬಣ್ಣ ಉದುರುತ್ತೆ.

ಮೂರನೇ ಆಟದ ಹೊತ್ತಿಗೆ ನನ್ನ ಗ್ರೆನೇಡಿಯರ್ ಕಾಲಾಳುಗಳ ಕೋವಿ ತುದಿಯ ಬಯೋನೆಟ್ ಚೂರಿಯಲ್ಲಿ ಬೆಳ್ಳಿ ಬಣ್ಣವೇ ಇರಲಿಲ್ಲ, ಬರೀ ಬೂದು ಪ್ಲಾಸ್ಟಿಕ್. ಒಬ್ಬನ ಎದೆ ಮೇಲಿನ ಬಿಳಿ ಪಟ್ಟಿಯನ್ನು ಉಗುರಿಂದ ಸುಮ್ನೆ ಮುಟ್ಟಿದೆ. ಈರುಳ್ಳಿ ಸಿಪ್ಪೆ ಥರ ಪೂರ್ತಿ ಎದ್ದು ಬಂತು. ಎರಡು ತಿಂಗಳ ಸಂಜೆಗಳು ಹೀಗೆ ಉದುರುವುದನ್ನು ನೋಡಿ ತುಂಬ ಬೇಜಾರಾಯಿತು.

ಕಾರಣ ಎರಡು. ಅಚ್ಚಿನಿಂದ ಬೊಂಬೆ ಸಲೀಸಾಗಿ ಬಿಡಲಿ ಅಂತ ಹಾಕುವ ಜಿಡ್ಡು ಮೈಮೇಲೆ ಉಳಿದಿರಬಹುದು. ಜೊತೆಗೆ ಈ ಪ್ಲಾಸ್ಟಿಕ್ ಬಾಗುತ್ತೆ, ಒಣಗಿದ ಬಣ್ಣ ಬಾಗಲ್ಲ. ಕೋವಿ ಬಾಗಿದಾಗ ಬಣ್ಣ ಬಿರುಕು ಬಿಡುತ್ತೆ.

ಹಾಗಾಗಿ ಎಲ್ಲ ಮೊದಲಿಂದ ಮಾಡಿದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಒಬ್ಬೊಬ್ಬರನ್ನೇ ಉಜ್ಜಿದೆ. ರಾತ್ರಿಯಿಡೀ ಒಣಗಿಸಿದೆ. ಫೆವಿಕಾಲ್ ಥರದ ಬಿಳಿ ಗೋಂದಿಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಬಳಿದೆ. ಅದು ಒಣಗುತ್ತಾ ಬಿಗಿದುಕೊಂಡು ಬೊಂಬೆಯನ್ನು ಚರ್ಮದ ಹಾಗೆ ಅಪ್ಪಿಕೊಳ್ಳುತ್ತೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಇನ್ನೊಂದು ಕೋಟು ಗೋಂದು, ಕೊನೆಗೆ ಹೊಳಪಿನ ವಾರ್ನಿಷ್.

ನಿಜವಾಗಿ ಉಳಿಸಿದ್ದು ಮಾತ್ರ ಬೇರೆ. ಬೊಂಬೆಯನ್ನು ಮುಟ್ಟೋದನ್ನೇ ನಿಲ್ಲಿಸಿದೆವು. ಆರಾರು ಜನರನ್ನು ಒಂದೊಂದು ಮರದ ಬಿಲ್ಲೆ ಮೇಲೆ ನಿಲ್ಲಿಸಿದೆ. ಈ ಪ್ಲಾಸ್ಟಿಕ್‌ಗೆ ಸೂಪರ್‌ಗ್ಲೂ ಸರಿಯಾಗಿ ಹಿಡಿಯಲ್ಲ. ಅದಕ್ಕೇ ಕಾಲಡಿಯ ತಟ್ಟೆ ಪೂರ್ತಿ ಮುಚ್ಚುವ ಹಾಗೆ ಗೋಡೆ ಸಂದಿಗೆ ತುಂಬುವ ಪೇಸ್ಟ್ ಮೆತ್ತಿದೆ, ಹಸಿ ಇರುವಾಗಲೇ ಮರಳು ಉದುರಿಸಿದೆ. ಈಗ ಬೆರಳು ಹಿಡಿಯೋದು ಬಿಲ್ಲೆಯ ಅಂಚನ್ನು, ಬಯೋನೆಟ್‌ನ್ನಲ್ಲ. ಸತ್ತವರನ್ನು ಒಬ್ಬೊಬ್ಬರಾಗಿ ತೆಗೆಯೋಕೆ ಆಗಲ್ಲ. ಅದಕ್ಕೆ ಬಿಲ್ಲೆಯ ಹಿಂದೆ ಕೆಂಪು ಮಣಿ ಇಡ್ತೀವಿ. ಆರು ಮಣಿ ಆದರೆ ಬಿಲ್ಲೆ ಆಚೆ.

ಎರಡು ವರ್ಷ ಆಯಿತು. ಅಲ್ಲೊಂದು ಇಲ್ಲೊಂದು ಕೋವಿಯ ತುದಿ ಬಿಟ್ಟರೆ ಬಣ್ಣ ಹಾಗೇ ಇದೆ.

ವಾರಕ್ಕೆರಡು ಸಂಜೆ ಮಾತ್ರ ಬಿಡುವಿರುವ, ತಿಂಗಳಿಗೆ 10 ಪೌಂಡ್ ಮೀರಿ ಖರ್ಚು ಮಾಡದ ನನ್ನಂಥವನಿಗೆ ಇದೇ ಸರಿ. ಒಂದೇ ಒಂದು ಚೆಂದದ ಸೇನಾಪತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಅನ್ನೋರು ಲೋಹದ್ದೇ ತಗೊಳ್ಳಿ. ದೊಡ್ಡ ಹಜಾರ, ನುಣುಪು ನೆಲ, ಜೊತೆಗೆ ನಾಲ್ಕು ಮಕ್ಕಳು ಇದ್ದರೆ 54. ರಜಕ್ಕೆ ಮೈಸೂರಿಗೆ ಹೋದಾಗ ಅಜ್ಜಿ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಅವನ್ನು ಒಮ್ಮೆ ನಿಲ್ಲಿಸಿ ನೋಡಬೇಕು ಅಂತ ನನಗೂ ಇದೆ.

ನಿನ್ನೆ ಗುಬ್ಬಿಪುರಕ್ಕೆ ಹುಸ್ಸಾರ್ ಅನ್ನೋ ಕುದುರೆ ಸವಾರರ ಹೊಸ ಡಬ್ಬಿ ಬಂತು. ತೊಳೆದಾಗಿದೆ. ಅಡುಗೆಮನೆ ಕಟ್ಟೆ ಮೇಲೆ ಬಟ್ಟೆ ಹಾಸಿ ಸಾಲಾಗಿ ಮಲಗಿಸಿದ್ದೀವಿ. ಕೋಟು ಹಸಿರೋ ನೇರಳೆಯೋ ಅಂತ ರಾಣಿ ಚಿಲಿಪಿಲಿಯ ಅಪ್ಪಣೆ ಇನ್ನೂ ಬಂದಿಲ್ಲ.